ಮೋಟಾರಿನ ಜೀರ್ಣೋದ್ಧಾರ

ಜೀರ್ಣವಾದ ದೇವಾಲಯವನ್ನೋ ಕೆರೆಯನ್ನೋ ಉದ್ಧರಿಸಿದವನಿಗೆ ಅದನ್ನು ಮೊದಲು ಕಟ್ಟಿಸಿದವನಿಗಿಂತ ಹೆಚ್ಚಿನ ಪುಣ್ಯ ಲಭಿಸುವುದೆಂದು ನಮ್ಮ ಹಿರಿಯರು ನಂಬಿದ್ದರು; ಜೀರ್ಣವಾದ ಮೋಟಾರುಗಾಡಿಯೊಂದನ್ನು ಹಿತ್ತಿಲಿನ ತಗಡಿನ ಚಪ್ಪರದಡಿ ನಿಲ್ಲಿಸಿಕೊಂಡು, ರಜೆಯ ದಿನಗಳನ್ನೆಲ್ಲ ಅದರ ಕೆಳಗೆ ಅಂಗಾತ ಮಲಗಿ ಕಳೆಯುವ ಗೃಹಸ್ಥನಿಗಾದರೋ ಮನೆಯವರ ಗೊಣಗಾಟವಲ್ಲದೆ ಬೇರೆ ಫಲಶ್ರುತಿಯನ್ನು ಯಾರೂ ಹೇಳಿದಂತಿಲ್ಲ. ಆದರೂ ಬೆಂಗಳೂರು ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಈ ವ್ಯಸನಕ್ಕೆ ಸಿಕ್ಕಿದವರು ಕಡಿಮೆಯೇನಿಲ್ಲ. ಇದನ್ನು ಸಿರಿವಂತರ ಷೋಕಿಯೆಂದೋ, ಇಂಗ್ಲಿಷರನ್ನು ನೋಡಿ ಕಲಿತ ಅನುಕರಣವೆಂದೋ ತಳ್ಳಿಹಾಕುವುದು ಸುಲಭ. ಇದರ ಪೂರ್ವಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದವನಿಗೆ ಮಾತ್ರ, ಈ ಕಲೆ ನಮ್ಮಲ್ಲಿ ಬೆಳೆದದ್ದು ಸಮೃದ್ಧಿಯ ಮಡಿಲಲ್ಲಲ್ಲ, ಅಭಾವದ ಮಡಿಲಲ್ಲಿ ಎಂಬುದು ಕ್ರಮೇಣ ಗೋಚರವಾಗುತ್ತದೆ.

ಇಂಗ್ಲೆಂಡಿನ ಕಥೆ ಬೇರೆ. ಅಲ್ಲಿ ಮೋಟಾರಿನ ವೇಗಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದ ಕಾನೂನು ಜಾರಿಗೆ ಬಂದ ಸಂಭ್ರಮದಲ್ಲಿ, 1896ರ ನವೆಂಬರ್ 14ರಂದು, ಕೆಲವು ಉತ್ಸಾಹಿಗಳು ಲಂಡನ್ನಿನಿಂದ ಬ್ರೈಟನ್ನಿನವರೆಗೆ ಗಾಡಿಗಳನ್ನೋಡಿಸಿದರು. ಮೂವತ್ತೊಂದು ವರ್ಷಗಳ ತರುವಾಯ, 1927ರಲ್ಲಿ, ಅದೇ ದಾರಿಯಲ್ಲಿ ಅದೇ ಕಾಲದ ಗಾಡಿಗಳನ್ನು ಮತ್ತೆ ಓಡಿಸಿ ನೋಡುವ ಹುಮ್ಮಸ್ಸು ಜನರಿಗೆ ಬಂದಿತು; 1930ರಲ್ಲಿ ಅತಿ ಪ್ರಾಚೀನ ಗಾಡಿಗಳಿಗೊಂದು, 1934ರಲ್ಲಿ ಅದಕ್ಕಿಂತ ಈಚಿನವುಗಳಿಗೊಂದು, ಹೀಗೆ ಸಂಘಗಳು ಹುಟ್ಟಿದುವು. ಕಾರ್ಖಾನೆಗಳು ಹೊಸ ಹೊಸ ಮಾದರಿಗಳನ್ನು ಎಡೆಬಿಡದೆ ಹೊರಡಿಸುತ್ತಿದ್ದ ದೇಶದಲ್ಲಿ ಮೂವತ್ತು ವರ್ಷದ ಕಾರು ಒಂದು ವಿನೋದದ ವಸ್ತುವಾದದ್ದು ಸಹಜವೇ. ನಮ್ಮಲ್ಲಿ ಮೂವತ್ತು ವರ್ಷದ ಕಾರು ಬಹುಕಾಲದವರೆಗೆ ವಿನೋದದ ವಸ್ತುವಾಗಿರಲಿಲ್ಲ. ಅದರಲ್ಲಿಯೇ ವೈದ್ಯರು ರೋಗಿಗಳ ಮನೆಗೆ ಹೋಗುತ್ತಿದ್ದರು, ಮದುವೆಯ ದಿಬ್ಬಣ ಹೊರಡುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಬಂದರುಗಳಲ್ಲಿ ಇಳಿಯತೊಡಗಿದ ಮೋಟಾರು ಆರಂಭದಲ್ಲಿ ರಾಜರ, ಅಧಿಕಾರಿಗಳ, ತೋಟದ ದೊರೆಗಳ ಸೊತ್ತು. ಎಂಜಿನ್ನನ್ನೂ ಚಾಸಿಯನ್ನೂ ಮಾತ್ರ ತರಿಸಿಕೊಂಡು ಬಾಡಿಯನ್ನು ಇಲ್ಲಿಯೇ ಕಟ್ಟಿಸುವ ಪದ್ಧತಿಯೂ ಇತ್ತು. ಅದನ್ನು ಕಟ್ಟುತ್ತಿದ್ದವರು ಅದುವರೆಗೆ ಸಾರೋಟುಗಳನ್ನು ಕಟ್ಟಿ ಕೈಪಳಗಿದ್ದವರೇ. 1840ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಸಿಂಪ್ಸನ್ ಕಂಪನಿಯು ಕುದುರೆಗಾಡಿಯಿಂದ ಮೋಟಾರಿಗೆ ದಾಟಿದ್ದು ಹೀಗೆಯೇ. ಮರದ ಚೌಕಟ್ಟಿಗೆ ತಗಡು ಹೊದಿಸಿ, ತೊಗಲಿನ ಮೆತ್ತೆ ಹಾಕಿ, ಮೇಲೆ ಕ್ಯಾನ್ವಾಸಿನ ಹುಡ್ ಎಳೆದು ನಿಲ್ಲಿಸಿದ ಗಾಡಿಯಲ್ಲಿ ಬಡಗಿಗೂ ಮೋಚಿಗೂ ಕಮ್ಮಾರನಿಗೂ ತಿಳಿಯದ ಭಾಗವೆಂದರೆ ಎಂಜಿನ್ನೊಂದೇ. ಅದನ್ನೂ ಅವರ ಮಕ್ಕಳು ಬೇಗನೆ ತಿಳಿದುಕೊಂಡರು. ಮುಂದೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆ ತೆರೆದಾಗ ಷೆವ್ರೊಲೆ ಗಾಡಿಗಳು ದೇಶದಲ್ಲಿ ಹೆಚ್ಚಾದುವು. ಮೋಟಾರನ್ನು ಇಲ್ಲಿಯೇ ನಿರ್ಮಿಸಬೇಕೆಂದು ಮೂವತ್ತರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಇಳಿವಯಸ್ಸಿನಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿಬಂದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನಕ್ಕೆ ಅಂದಿನ ಬ್ರಿಟಿಷ್ ಸರ್ಕಾರದಿಂದ ಪ್ರೋತ್ಸಾಹ ದೊರೆಯಲಿಲ್ಲ. ಎರಡನೆಯ ಮಹಾಯುದ್ಧ ಬಂದಿತು. ಪೆಟ್ರೋಲಿಗೆ ರೇಷನ್ ಆಯಿತು. ಹಿಂಬದಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು, ಏರು ಬಂದಾಗ ಪ್ರಯಾಣಿಕರನ್ನೆಲ್ಲ ಇಳಿಸಿ ನೂಕಿಸಿಕೊಳ್ಳುತ್ತಿದ್ದ ಬಸ್ಸುಗಳನ್ನು ಮಲೆನಾಡಿನ ಹಿರಿಯರು ಬಹುಕಾಲ ಮರೆಯಲಿಲ್ಲ. ಇದ್ದುದರಲ್ಲಿಯೇ ನಡೆಯಿಸಿಕೊಂಡು ಹೋಗುವ ವಿದ್ಯೆಯ ಮೊದಲ ಪಾಠ ಅದೇ ಇರಬೇಕು.

ಎರಡನೆಯ ಪಾಠ ಸ್ವಾತಂತ್ರ್ಯಾನಂತರದ್ದು. 1942ರಲ್ಲಿ ಹಿಂದುಸ್ಥಾನ್ ಮೋಟಾರ್ಸ್, 1944ರಲ್ಲಿ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿತವಾಗಿದ್ದುವು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಬಂದಿತು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿದೇ ಜೋಡಿಸುವ ಕಂಪನಿಗಳಿಗೆ ಎಡೆಯಿಲ್ಲವೆಂದು 1953ರ ಸುಮಾರಿಗೆ ಸರ್ಕಾರ ನಿಶ್ಚಯಿಸಿದುದರಿಂದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಕಾರ್ಖಾನೆ ಮುಚ್ಚಿ ಹೊರಟುಹೋದುವು. ಉಳಿದದ್ದು ಮೂರು ಮನೆತನದ ಕಾರುಗಳು: ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಮೂರೂ ಸೇರಿ ವರ್ಷಕ್ಕೆ ಐವತ್ತು ಸಾವಿರವನ್ನೂ ಮುಟ್ಟದ ಅರವತ್ತು ಎಪ್ಪತ್ತರ ದಶಕಗಳಲ್ಲಿ, ಹಣ ಕಟ್ಟಿ ಹೆಸರು ನೋಂದಾಯಿಸಿದವನು ಗಾಡಿಯ ಮುಖ ಕಾಣಲು ಹಲವು ವರ್ಷ ಕಾಯಬೇಕಾಗಿದ್ದ ದೇಶದಲ್ಲಿ, ಕೈಯಲ್ಲಿರುವ ಕಾರನ್ನು ಗುಜರಿಗೆ ಹಾಕುವ ಯೋಚನೆ ಯಾರಿಗೆ ತಾನೆ ಬಂದೀತು? ತಯಾರಿಕೆ ನಿಂತುಹೋದ ಡಾಡ್ಜ್, ಪ್ಲಿಮತ್, ಮಾರಿಸ್ ಗಾಡಿಗಳಿಗೆ ಸ್ಪೇರ್ ಬರುತ್ತಿರಲಿಲ್ಲವಾದುದರಿಂದ ಸ್ಪೇರನ್ನೇ ಮಾಡಿಕೊಳ್ಳುವ ಜನ ಹುಟ್ಟಿದರು.

ಈ ಜನರ ಪಾಂಡಿತ್ಯ ಎಂತಹುದೆಂಬುದಕ್ಕೆ ಒಂದು ಕೆಲಸವನ್ನು ಹತ್ತಿರದಿಂದ ನೋಡಬಹುದು. ಹಳೆಯ ಎಂಜಿನ್ನುಗಳ ಕ್ರ್ಯಾಂಕ್ ತಿರುಗುತ್ತಿದ್ದದ್ದು ಅಂಗಡಿಯಲ್ಲಿ ಸಿಕ್ಕುವ ಬೇರಿಂಗುಗಳ ಮೇಲಲ್ಲ. ತವರದಲ್ಲಿ ಆಂಟಿಮನಿಯನ್ನೂ ತಾಮ್ರವನ್ನೂ ಬೆರೆಸಿ ಕರಗಿಸಿ ಅದರ ಮನೆಯೊಳಗೆ ನೇರವಾಗಿ ಎರಕ ಹೊಯ್ದ ವೈಟ್ ಮೆಟಲಿನ ಮೇಲೆ. ಅದು ಸವೆದು ಎಂಜಿನ್ ಬಡಿದುಕೊಳ್ಳತೊಡಗಿದರೆ ಮೇಸ್ತ್ರಿಯು ಹಳೆಯ ಲೋಹವನ್ನು ಕರಗಿಸಿ ತೆಗೆದು, ಮನೆಯನ್ನು ಉಜ್ಜಿ ಕಲಾಯಿ ಹಾಕಿ, ಹದವಾಗಿ ಕಾಯಿಸಿ, ಹೊಸ ಲೋಹವನ್ನು ಎರೆಯುವನು. ಬಳಿಕ ಲೇತಿನಲ್ಲಿ ಕೊರೆದು ಸುಮಾರಾಗಿ ಅಳತೆಗೆ ತಂದು, ಕ್ರ್ಯಾಂಕಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಕೂಡಿಸಿ, ಒಂದು ಸುತ್ತು ತಿರುಗಿಸಿ ಮತ್ತೆ ಬಿಚ್ಚುವನು. ನೀಲಿ ಎಲ್ಲಿ ಅಂಟಿತೋ ಅಲ್ಲಿ ಲೋಹ ಉಬ್ಬಿದೆಯೆಂದರ್ಥ. ಆ ಚುಕ್ಕೆಗಳನ್ನಷ್ಟೇ ಸ್ಕ್ರೇಪರಿನಿಂದ ಹೆರೆದು, ಮತ್ತೆ ಕೂಡಿಸಿ, ಮತ್ತೆ ಬಿಚ್ಚಿ, ನೀಲಿ ಮೈತುಂಬ ಸಮನಾಗಿ ಹರಡುವವರೆಗೆ ಇದನ್ನು ಮಾಡುತ್ತಿರಬೇಕು. ಅವಸರದವನ ಕೈಗೆ ಇದು ಒಗ್ಗದು. ವಾಲ್ವ್ ಗ್ರೈಂಡ್ ಮಾಡುವುದೂ ಇಂಥದೇ ತಾಳ್ಮೆಯ ಕೆಲಸ. ತುದಿಗೆ ರಬ್ಬರ್ ಬಟ್ಟಲಿರುವ ಕಡ್ಡಿಯನ್ನು ವಾಲ್ವಿನ ತಲೆಗೆ ಅಂಟಿಸಿ, ಕೆಳಗೆ ಪೇಸ್ಟ್ ಹಚ್ಚಿ, ಬೇಳೆ ಮಸೆಯುವ ಕಡೆಗೋಲನ್ನು ಹೊಸೆಯುವಂತೆ ಅಂಗೈಗಳ ನಡುವೆ ಹೊಸೆಯುತ್ತಿದ್ದರೆ ಕರಕರ ಶಬ್ದ ಮೆಲ್ಲಮೆಲ್ಲನೆ ನಯವಾಗುತ್ತ ಬಂದು, ಕೆಲಸ ಮುಗಿಯಿತೆಂದು ಕಿವಿಗೇ ತಿಳಿಯುತ್ತದೆ. ಇವುಗಳನ್ನು ಯಾವ ಗ್ಯಾರೇಜಿನಲ್ಲಿಯೂ ಗ್ರಂಥಮುಖೇನ ಕಲಿಸಿದವರಿಲ್ಲ. ಹತ್ತು ಹನ್ನೆರಡರ ಪ್ರಾಯದಲ್ಲಿ ಸ್ಪ್ಯಾನರ್ ಎತ್ತಿಕೊಡಲು ಸೇರಿದ ಹುಡುಗ ಮೀಸೆ ಬರುವ ಹೊತ್ತಿಗೆ ಸ್ವತಃ ಮೇಸ್ತ್ರಿಯಾಗುತ್ತಿದ್ದನು. ಆ ಬಾಲ್ಯದ ಬೆಲೆಯನ್ನು ಯಾರೂ ಲೆಕ್ಕ ಹಾಕಲಿಲ್ಲವೆಂಬುದನ್ನೂ ಹೇಳದೆ ಬಿಡಲಾಗದು.

ಈ ವಿದ್ಯೆಗೆ ಬೆಂಗಳೂರಿನಲ್ಲಿ ದೊರೆತಂಥ ನೆಲ ಬೇರೆಡೆ ವಿರಳವೆಂದೇ ನನ್ನ ಅಭಿಪ್ರಾಯ. ದಂಡಿನ ಪೇಟೆಯಾದ ಶಿವಾಜಿನಗರದ ಗುಜರಿ ಅಂಗಡಿಗಳು, ಕಲಾಸಿಪಾಳ್ಯದ ಟಿಂಕರುಗಳು, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಸಾಲು ಒಂದು ಕಡೆ. 1940ರಲ್ಲಿ ಬಂದ ವಿಮಾನ ಕಾರ್ಖಾನೆ, 1948ರ ಟೆಲಿಫೋನ್ ಕಾರ್ಖಾನೆ ಐ.ಟಿ.ಐ., 1953ರ ಎಚ್.ಎಂ.ಟಿ. ಮತ್ತೊಂದು ಕಡೆ. ಸಾವಿರದಲ್ಲೊಂದು ಅಂಗುಲದ ವ್ಯತ್ಯಾಸವನ್ನು ಕಣ್ಣಿನಿಂದಲೇ ಗುರುತಿಸುವಷ್ಟು ಪಳಗಿದ ಟರ್ನರುಗಳೂ ಫಿಟ್ಟರುಗಳೂ ಈ ಕಾರ್ಖಾನೆಗಳಿಂದ ಹೊರಬಂದು, ನಿವೃತ್ತರಾದ ಮೇಲೆ ರಾಜಾಜಿನಗರದಲ್ಲೋ ಪೀಣ್ಯದಲ್ಲೋ ಒಂದು ಲೇತು ಹಾಕಿಕೊಂಡು ಕುಳಿತರು. ಲೋಕದಲ್ಲೆಲ್ಲೂ ಸಿಕ್ಕದ ಬುಷ್ಷಿಗೋ ಪಿನಿಯನ್ನಿಗೋ ಮಾದರಿಯೊಂದನ್ನು ಹಿಡಿದು ಇವರಲ್ಲಿಗೆ ಹೋದರೆ ವಾರದೊಳಗೆ ಹೊಸದು ಸಿದ್ಧವಾಗುತ್ತಿತ್ತು.

ಹೀಗಿರುವಾಗ 1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು. ಅದರ ಹಿಂದೆಯೇ ತೊಂಬತ್ತರ ದಶಕದ ಉದಾರನೀತಿಯೂ ಬಂದು, ಕಾರಿನ ಅಭಾವವೆಂಬುದು ಕೆಲವೇ ವರ್ಷಗಳಲ್ಲಿ ಕಥೆಯಾಯಿತು. ಹಳೆಯ ಗಾಡಿಗಳು ನಿರುಪಯುಕ್ತವೆನಿಸಿದ ಆ ಕ್ಷಣದಲ್ಲಿಯೇ, ನನ್ನ ದೃಷ್ಟಿಯಲ್ಲಿ, ಈ ಹವ್ಯಾಸ ಮಧ್ಯಮವರ್ಗದ ಮನೆಯಂಗಳಕ್ಕೆ ಇಳಿಯಿತು. ಅದಕ್ಕೆ ಮುಂಚೆ ಇದು ಇರಲಿಲ್ಲವೆಂದಲ್ಲ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿಯೇ ಹಳೆಯ ಕಾರುಗಳ ರ‍್ಯಾಲಿಯನ್ನು ಆರಂಭಿಸಿದ್ದರು; 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಗಳ ಗಾಡಿಗಳು ಕೈಬದಲಾಯಿಸಿ ಸಂಗ್ರಾಹಕರ ಪಾಲಾದುವು; ನಮ್ಮ ಧರ್ಮಸ್ಥಳದ ಕಾರು ಸಂಗ್ರಹವನ್ನು ಕಾಣದ ಯಾತ್ರಿಕರು ಕಡಿಮೆ. ಆದರೆ ಅದು ಸಂಗ್ರಹದ ಮಾತಾಯಿತು. ಅಜ್ಜನ ಫಿಯಟ್ಟನ್ನು ಮಾರಲಾರದೆ, ಓಡಿಸಲೂ ಆಗದೆ, ಕೊನೆಗೊಮ್ಮೆ ತಾನೇ ಬಿಚ್ಚಿ ನೋಡೋಣವೆಂದು ತೋಳು ಮಡಿಸಿದ ಗುಮಾಸ್ತನದೋ ಮೇಷ್ಟರದೋ ಪ್ರಯತ್ನ ಬೇರೆಯ ಜಾತಿಯದು.

ಅಂಥವನಿಗೆ ಹೆರಾಲ್ಡಿನಷ್ಟು ಅನುಕೂಲವಾದ ಗಾಡಿ ಮತ್ತೊಂದಿಲ್ಲ. ಮದರಾಸಿನಲ್ಲಿ 1961ರಿಂದ ತಯಾರಾದ ಅದಕ್ಕೆ ಪ್ರತ್ಯೇಕವಾದ ಚಾಸಿಯುಂಟು. ಬಾಡಿಯ ತುಂಡುಗಳು ಬೋಲ್ಟಿನಿಂದ ಕೂಡಿಕೊಂಡಿವೆ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಂಡುಬಿಡುವುದರಿಂದ ಟೈರಿನ ಮೇಲೆ ಕುಳಿತು ಎಂಜಿನ್ನಿನ ಕೆಲಸ ಮಾಡಬಹುದು. ಫಿಯಟ್ಟಿನ 1089 ಸಿ.ಸಿ. ಎಂಜಿನ್ನೂ ಸರಳವೇ, ಆದರೆ ಅದರ ಬಾಡಿಯೇ ಚಾಸಿಯಾದುದರಿಂದ ತಳದ ತಗಡಿಗೆ ತುಕ್ಕು ಹಿಡಿಯಿತೆಂದರೆ ಗಾಡಿಯ ಬೆನ್ನೆಲುಬಿಗೇ ಹಿಡಿದಂತೆ. ಆದುದರಿಂದಲೇ ತಿಳಿದವರು ಕರಾವಳಿಯ ಗಾಡಿಗಿಂತ ಬಯಲುಸೀಮೆಯ ಗಾಡಿಗೆ ಹೆಚ್ಚು ಹಣ ಕೊಡುವುದು. ಕಾರ್ಪೆಟ್ಟನ್ನೆತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡದೆ ಅಡ್ವಾನ್ಸ್ ಕೊಡುವವನು ಈ ಹವ್ಯಾಸಕ್ಕೆ ಹೊಸಬನೆಂದೇ ತಿಳಿಯಬೇಕು. ಬಣ್ಣದ ಕೆಲಸಕ್ಕೆ ಇನ್ನಷ್ಟು ಕಾಲ ಬೇಕು: ಬೆಂಕಿಯಿಂದಲೋ ರಿಮೂವರಿನಿಂದಲೋ ಹಳೆಯ ಬಣ್ಣ ತೆಗೆದು, ಟಿಂಕರಿಂಗ್ ಮುಗಿಸಿ, ಪ್ರೈಮರ್, ಪುಟ್ಟಿ, ನೀರುಕಾಗದದ ಉಜ್ಜಾಟ, ಮತ್ತೆ ಪ್ರೈಮರ್, ಕೊನೆಗೆ ಡ್ಯೂಕೋ. ಇಷ್ಟೆಲ್ಲ ಆದ ಮೇಲೆ ಕಾಲವೂ ತನ್ನ ತೊಡಕುಗಳನ್ನು ತಂದೊಡ್ಡಿತು. 2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲು ನಿಂತಾಗ, ಸೀಸದ ಲೇಪದಿಂದ ಬಾಳುತ್ತಿದ್ದ ಹಳೆಯ ಎಂಜಿನ್ನುಗಳ ವಾಲ್ವ್ ಸೀಟುಗಳಿಗೆ ಸವೆತದ ಭಯವುಂಟಾಗಿ, ಗಟ್ಟಿ ಉಕ್ಕಿನ ಉಂಗುರಗಳನ್ನು ಕೂಡಿಸಬೇಕಾಯಿತು. ಈಗ ಪೆಟ್ರೋಲಿನಲ್ಲಿ ಬೆರೆತು ಬರುವ ಎಥನಾಲು ಹಳೆಯ ರಬ್ಬರಿನ ಡಯಾಫ್ರಾಮುಗಳನ್ನೂ ಪೈಪುಗಳನ್ನೂ ತಿನ್ನುತ್ತಿದೆ.

ಈ ಹವ್ಯಾಸಿಗೂ ಅವನ ಗುರುವಾದ ಮೇಸ್ತ್ರಿಗೂ ನಡುವೆ ಒಂದು ವೈಷಮ್ಯವುಂಟು. ಅದು ವ್ಯಕ್ತಿಗಳದ್ದಲ್ಲ, ಧ್ಯೇಯಗಳದ್ದು. ಮೇಸ್ತ್ರಿಗೆ ಗಾಡಿ ಓಡಬೇಕು. ಹವ್ಯಾಸಿಗೆ ಗಾಡಿ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗಿರಬೇಕು. 1973ರ ತರುವಾಯ ಪೆಟ್ರೋಲಿನ ಬೆಲೆ ಕೈಗೆಟುಕದಂತಾದಾಗ, ಗ್ಯಾಲನ್‌ಗಟ್ಟಲೆ ಕುಡಿಯುತ್ತಿದ್ದ ಅಮೆರಿಕದ ದೊಡ್ಡ ಗಾಡಿಗಳಿಂದ ಮೂಲ ಎಂಜಿನ್ನನ್ನು ಇಳಿಸಿ, ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಕೂಡಿಸಿ ಅವುಗಳಿಗೆ ಮರುಜನ್ಮ ಕೊಟ್ಟವನು ಮೇಸ್ತ್ರಿಯೇ. ಅವನು ಹಾಗೆ ಮಾಡದಿದ್ದರೆ ಆ ಗಾಡಿಗಳಲ್ಲಿ ಬಹುಪಾಲು ಅಂದೇ ಗುಜರಿಯ ತಕ್ಕಡಿಗೆ ಏರುತ್ತಿದ್ದುವು. ಇಂದು ಜೀರ್ಣೋದ್ಧಾರ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಹವ್ಯಾಸಿಯ ಮೊದಲ ಕೆಲಸವೋ, ಆ ಡೀಸೆಲ್ ಎಂಜಿನ್ನನ್ನು ಕಿತ್ತು ತೂಕಕ್ಕೆ ಹಾಕುವುದು.

ಕಾನೂನೂ ಹವ್ಯಾಸಿಯ ಪಕ್ಷವನ್ನೇ ವಹಿಸಿದೆ. 2021ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಹೊಸ ಸಂಖ್ಯೆಯಾದರೆ ನಡುವೆ ವಿ.ಎ. ಎಂಬ ಅಕ್ಷರಗಳು. ನಿತ್ಯದ ಓಡಾಟಕ್ಕೆ ಬಳಸಕೂಡದು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ನಡೆದಿರಕೂಡದು. ನಿಯಮದ ಉದ್ದೇಶ ಸಾಧುವಾದದ್ದೇ. ಆದರೆ ಎರಡು ದಶಕ ಪೆಟ್ರೋಲಿನಲ್ಲಿಯೂ ಮೂರು ದಶಕ ಡೀಸೆಲಿನಲ್ಲಿಯೂ ದುಡಿದ ಪ್ಲಿಮತ್ ಗಾಡಿಯೊಂದರ ಆಯುಷ್ಯದಲ್ಲಿ ಯಾವ ಭಾಗ ಮೂಲವಾದದ್ದು, ಯಾವ ಭಾಗ ಮಾರ್ಪಾಡು ಎಂಬ ಪ್ರಶ್ನೆಗೆ ಆರ್.ಸಿ. ಪುಸ್ತಕದಲ್ಲಿ ಉತ್ತರವಿರುವುದಿಲ್ಲ, ಇಂಧನದ ಕಾಲಂನಲ್ಲಿ ಆದ ತಿದ್ದುಪಡಿಯೂ ಅದನ್ನು ಒಪ್ಪಿದ ಅಧಿಕಾರಿಯ ಮೊಹರೂ ಮಾತ್ರ ಇರುತ್ತವೆ. ಗಾಡಿಗೆ ಮೂಲ ಎಂಜಿನ್ನನ್ನೇ ಹುಡುಕಿ ತಂದು ಕೂಡಿಸುವವರನ್ನು ನಾನು ಬೇಡವೆನ್ನಲಾರೆ. ಇಳಿಸಿದ ಪರ್ಕಿನ್ಸನ್ನು ಗುಜರಿಗೆ ಹಾಕದೆ, ಗ್ರೀಸ್ ಸವರಿ ಷೆಡ್ಡಿನಲ್ಲಿಟ್ಟುಕೊಳ್ಳಲಿ, ಅದನ್ನು ಕೂಡಿಸುವುದಕ್ಕಾಗಿ ಮೇಸ್ತ್ರಿ ಕೈಯಾರೆ ಕತ್ತರಿಸಿ ವೆಲ್ಡ್ ಮಾಡಿದ ಮೌಂಟಿಂಗ್ ಪಟ್ಟಿಗಳನ್ನೂ ಅದರ ಜೊತೆಗಿಡಲಿ, ಜೆ.ಸಿ. ರಸ್ತೆಯಲ್ಲಿ ಆ ಕಾಲದವರು ಇನ್ನೂ ಕೆಲವರಿರುವಾಗಲೇ ಆ ಮೇಸ್ತ್ರಿಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಲಿ.