ಹಾಸಿಗೆಗೆ ವಿಮೆ, ಗುಳಿಗೆಗೆ ಇಲ್ಲ

ಬೀದರ್, ಭಾಲ್ಕಿ, ಔರಾದಿನ ವೃದ್ಧರಿಗೆ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳು ತಿಂಗಳೂ ತಪ್ಪದ ಖರ್ಚು. ನಮ್ಮ ಆರೋಗ್ಯ ವಿಮೆ ಬೆಳೆದದ್ದು ಈ ಖರ್ಚನ್ನು ಬದಿಗಿಟ್ಟೇ. ರಾಜ್ಯದ 2003ರ ಯಶಸ್ವಿನಿ ಯೋಜನೆ ಸಹಕಾರಿ ರೈತರ ಶಸ್ತ್ರಚಿಕಿತ್ಸೆಗೆ ಒದಗಿತು. 2010ರಲ್ಲಿ, ಬೀದರ್ ಸೇರಿದ ಕಲಬುರಗಿ ವಿಭಾಗದಲ್ಲೇ ಮೊದಲು ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಡವರ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗಳನ್ನು ನೋಡಿಕೊಂಡಿತು. 2024ರ ಅಕ್ಟೋಬರಿನಲ್ಲಿ ಕೇಂದ್ರವು 70 ತುಂಬಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರಿಸುತ್ತದೆ. ಆಸ್ಪತ್ರೆ ಬಿಟ್ಟು 15 ದಿನ ಕಳೆದ ಮೇಲಿನ ಗುಳಿಗೆ ಮಾತ್ರ ಅದರ ಲೆಕ್ಕದಲ್ಲಿಲ್ಲ. ಅಮೆರಿಕವೂ ಇದನ್ನೇ ಮಾಡಿತ್ತು: ವೃದ್ಧರ ಸರ್ಕಾರಿ ವಿಮೆಯಾದ 1965ರ ಮೆಡಿಕೇರ್‌ನಲ್ಲಿ, ಮನೆಯಲ್ಲಿ ನುಂಗುವ ಔಷಧಿಗೆ ವಿಮೆ ಸಿಗಲು 2006 ಬರಬೇಕಾಯಿತು.

ಹಾಗಾದರೆ ವಿಮೆಯಿಲ್ಲದ ಗುಳಿಗೆಯ ಬೆಲೆಯನ್ನು ಇಲ್ಲಿ ಇಳಿಸಿದ್ದು ಯಾವುದು? 1970ರ ಪೇಟೆಂಟ್ ಕಾಯಿದೆ ಔಷಧಿಯ ತಯಾರಿಕಾ ವಿಧಾನಕ್ಕಷ್ಟೇ ಹಕ್ಕು ಕೊಟ್ಟಿತು, ಔಷಧಿಗಲ್ಲ. ಅದೇ ವರ್ಷ ಔಷಧ ಬೆಲೆ ನಿಯಂತ್ರಣ ಆದೇಶವೂ ಬಂತು. ದೇಶಿ ಕಂಪನಿಗಳು ಪೈಪೋಟಿಗಿಳಿದವು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಗಳು ಆ ಉದ್ಯಮದ್ದೇ ಕವಲು. 2005ರಲ್ಲಿ ಔಷಧಿಗೂ ಪೇಟೆಂಟ್ ಮರಳಿತು. 2008ರಲ್ಲಿ ಅಗ್ಗದ ಜನರಿಕ್ ಔಷಧಿ ಮಾರುವ ಜನೌಷಧಿ ಅಂಗಡಿಗಳು, 2013ರಲ್ಲಿ ಅವಶ್ಯಕ ಔಷಧಿಗಳಿಗೆ ಹೊಸ ಬೆಲೆ ಮಿತಿ ಬಂದವು. ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತದಲ್ಲ ಎನ್ನಬಹುದು. ನಿಜ, ದಾಸ್ತಾನು ಇದ್ದಾಗ. ಮುಗಿದಾಗ ಮುದುಕರು ಖಾಸಗಿ ಅಂಗಡಿಗೇ ಹೋಗಬೇಕು. ಹೊರರೋಗಿಗಳ ಗುಳಿಗೆಯನ್ನೂ ವಿಮೆಗೆ ಸೇರಿಸಿದರೆ ಬೊಕ್ಕಸ ಬರಿದಾದೀತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೆ ತಪ್ಪಿಸಿದ ಬಿಪಿ ಗುಳಿಗೆ ಪಾರ್ಶ್ವವಾಯುವಾಗಿ ಬಂದಾಗ ಅದೇ ಬೊಕ್ಕಸ ಹಾಸಿಗೆಯ ಬಿಲ್ಲು ಕಟ್ಟುತ್ತದೆ. ಜನರಿಕ್ ಗುಳಿಗೆಗಳನ್ನಾದರೂ ಮೊದಲು ವಿಮೆಗೆ ಸೇರಿಸಬೇಕು.