ಸ್ವರಾಕ್ಷರ ಕಲಿಕೆಯ ಚಿತ್ರೋಪಕರಣಗಳು
ಕನ್ನಡದ ಸ್ವರಗಳನ್ನು ಎಳೆಯರಿಗೆ ಕಲಿಸಲು ಬಳಸುವ ಗೋಡೆಪಟ, ಮಿಂಚುಪಟ್ಟಿ, ಕಾಗುಣಿತ ಪಟ್ಟಿ ಮೊದಲಾದವು. ಹಳೆಯ ಪಟಗಳಲ್ಲಿ ಅ–ಅರಸ, ಆ–ಆನೆ, ಇ–ಇಲಿ ಎಂದು ವರ್ಣಮಾಲೆಯ ಕ್ರಮವೇ ಇರುತ್ತದೆ. ಋಕಾರಕ್ಕೆ ಋಷಿಯನ್ನು ಬಿಟ್ಟರೆ ಬೇರೆ ಚಿತ್ರ ಸಿಗುವುದು ಕಷ್ಟ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಈ ಕ್ರಮವನ್ನು ಬಿಟ್ಟು, ರ, ಗ, ಸ, ದಗಳ ಜೊತೆಗೇ ಅಕಾರವನ್ನು ಕಾರ್ಡುಗಳಲ್ಲಿ ಪರಿಚಯಿಸುತ್ತದೆ.

ಹ್ರಸ್ವ–ದೀರ್ಘ ವ್ಯತ್ಯಾಸವನ್ನು ಬಿಡಿ ಅಕ್ಷರಕ್ಕಿಂತ ಜೋಡಿ ಚಿತ್ರಗಳು ಚೆನ್ನಾಗಿ ತಿಳಿಸುತ್ತವೆ. ಕರು, ಕಾರು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೆಸರಿಸಿದಾಗ, ಸ್ವರ ಎಳೆದರೆ ಅರ್ಥವೇ ಬದಲಾಗುವುದು ಮಗುವಿನ ಕಿವಿಗೆ ಬೀಳುತ್ತದೆ. ವ್ಯಂಜನಕ್ಕೆ ಸೇರಿದ ಸ್ವರ ರೂಪ ಬದಲಿಸುವುದರಿಂದ, ‘ಇ’ ಬಲ್ಲ ಮಗುವೂ ‘ಕಿ’ಯಲ್ಲಿ ಅದನ್ನು ಗುರುತಿಸದಿರಬಹುದು. ಗುಣಿತಚಿಹ್ನೆಗೆ ಬೇರೆ ಬಣ್ಣ ಕೊಡುವುದು ಇದಕ್ಕಾಗಿಯೇ. ‘ಎಲೆ’ಯನ್ನು ‘ಯೆಲೆ’ ಎನ್ನುವ ರೂಢಿಯನ್ನು ಮಾತ್ರ ಚಿತ್ರ ತಿದ್ದಲಾರದು. ಅದಕ್ಕೆ ಶಿಕ್ಷಕರ ಉಚ್ಚಾರಣೆಯೇ ಬೇಕು.