ಹಸಿರು ಬಣ್ಣವಾಗುವ ಮೊದಲು

ಪಾವಗಡದ ನಮ್ಮ ಅತ್ತೆಯದು ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಮಗಳ ಮದುವೆಗೆ ಮುಂಚೆ ಫೋನು ಮಾಡಿ, ಬೆಂಗಳೂರಿನಿಂದ ಬರುವಾಗ ಒಂದು ‘ಪಚ್ಚ ಚೀರ’ ತಗೊಂಡು ಬಾ ಅಂದರು. ನಾನು ಗಿಳಿಹಸಿರಿನ ಸೀರೆ ಕೊಂಡುಹೋದೆ. ಬಿಚ್ಚಿ ನೋಡಿದವರು, “ಇದೇನಮ್ಮಾ, ನಾನು ಹೇಳಿದ್ದು ಅರಿಸಿನದ ಬಣ್ಣದ್ದು” ಅಂದರು. ಬಣ್ಣದ ಹೆಸರುಗಳ ಮೇಲೆಯೇ ಪಿಎಚ್.ಡಿ. ಮಾಡುತ್ತಿರುವವಳಿಗೆ ಸೀರೆಯ ಬಣ್ಣ ತಪ್ಪಿತ್ತು. ಮನೆಮಂದಿಯೆಲ್ಲ ನಕ್ಕರು.

ತೆಲುಗಿನ ‘ಪಚ್ಚ’ ಹಸಿರೂ ಹೌದು, ಹಳದಿಯೂ ಹೌದು. ಬಿಡಿಸಿ ಹೇಳಬೇಕಾದಾಗ ಎಲೆಯದು ‘ಆಕುಪಚ್ಚ’, ಅರಿಸಿನದ್ದು ‘ಪಸುಪುಪಚ್ಚ’. ಕಾಮಾಲೆ ರೋಗಕ್ಕೆ ಅವರು ಅನ್ನುವುದು ‘ಪಚ್ಚಕಾಮೆರ್ಲು’.

ಅತ್ತೆಯ ಮನೆಯಲ್ಲಿ ನಗು ಬಂದದ್ದೇನೋ ಸರಿ. ಆದರೆ ಇದೇ ಗೊಂದಲ ಅದಕ್ಕೂ ಹಿಂದೆ ಒಂದು ವಿಚಾರಸಂಕಿರಣದಲ್ಲಿ ನನ್ನ ಬಾಯಿ ಕಟ್ಟಿಸಿತ್ತು. ಬರ್ಲಿನ್ ಮತ್ತು ಕೇ 1969ರಲ್ಲಿ 98 ಭಾಷೆಗಳನ್ನು ಹೋಲಿಸಿ ಒಂದು ಸಿದ್ಧಾಂತ ಮಂಡಿಸಿದರು. ಭಾಷೆಗಳಿಗೆ ಬಣ್ಣದ ಹೆಸರುಗಳು ಒಂದು ಕ್ರಮದಲ್ಲೇ ದಕ್ಕುತ್ತವೆ: ಮೊದಲು ಕಪ್ಪು ಬಿಳುಪು, ಆಮೇಲೆ ಕೆಂಪು, ಆಮೇಲೆ ಹಸಿರು ಅಥವಾ ಹಳದಿ, ನಂತರ ನೀಲಿ. ಈಚೆಗೆ ಎರವಲು ಬಂದ ಪದಗಳನ್ನು ಅವರು ಅನುಮಾನದಿಂದಲೇ ನೋಡಿದರು. ಕನ್ನಡದ ‘ನೀಲಿ’ ಸಂಸ್ಕೃತದ್ದು. ‘ಹಳದಿ’ ಮರಾಠಿಯ ಹಳದ, ಹಿಂದಿಯ ಹಲ್ದಿಗಳ ಬಳಗದ್ದು, ಮೂಲ ಹರಿದ್ರಾ. ಹಾಗಾದರೆ ಸಾಲ ತರುವವರೆಗೆ ಕನ್ನಡಿಗರಿಗೆ ಹಳದಿ ಕಾಣುತ್ತಿರಲಿಲ್ಲವೇ ಎಂದು ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ನಾನು ಏನೋ ತೊದಲಿ ಕೂತೆ.

ಉತ್ತರ ನನ್ನ ಟಿಪ್ಪಣಿಯಲ್ಲೇ ಇತ್ತು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟಿನಲ್ಲಿ (1961, ಪರಿಷ್ಕೃತ ಆವೃತ್ತಿ 1984) ಈ ಪದಗಳೆಲ್ಲ ಒಂದೇ ಕುಟುಂಬ. ತಮಿಳಿನ ಪಚ್ಚೈ, ತೆಲುಗಿನ ಪಚ್ಚ, ಅರಿಸಿನಕ್ಕಿರುವ ಪಸುಪು, ಚಿನ್ನಕ್ಕಿರುವ ಪಸಿಡಿ. ನಮ್ಮಲ್ಲಿ ಹಳಗನ್ನಡದ ಪಾಲು ಹಾಲಾದಂತೆ, ಪೂ ಹೂವಾದಂತೆ, ‘ಪಸುರು’ ಹಸುರಾಯಿತು. ರತ್ನದ ಹೆಸರಾಗಿ ‘ಪಚ್ಚೆ’ ಮಾತ್ರ ಪಕಾರವನ್ನು ಉಳಿಸಿಕೊಂಡಿತು. ಅದೇ ಪಚ್ಚೆ ‘ಹಚ್ಚೆ’ಯಾಗಿ ಮೈಮೇಲೂ ಕೂತಿದೆ. ಅತ್ತೆಯ ಮುಂಗೈ ಮೇಲಿನ ಹಚ್ಚೆಯನ್ನು ಎಷ್ಟು ಸಲ ನೋಡಿದ್ದರೂ ಅದು ಹಸಿರೋ ನೀಲಿಯೋ ಎಂದು ನನಗೆ ಈಗಲೂ ಹೇಳಲಾಗದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಮನೆಯ ‘ಹಸಿ’ ಎಂಬ ಪದ. ಹಸಿ ಗೋಡೆ, ಹಸಿ ಸೌದೆ, ಹಸಿ ಗಾಯ, ಹಸಿ ಬಾಣಂತಿ, ಹಸುಳೆ, ಹಸುಗೂಸು. ಇವುಗಳಲ್ಲಿ ಒಂದಾದರೂ ಹಸಿರಾಗಿದೆಯೇ? ಒಣಗದ್ದು, ಬೇಯದ್ದು, ಮಾಗದ್ದು, ಈಗಷ್ಟೇ ಆದದ್ದು ಹಸಿ. ಹಸಿ ಮೆಣಸಿನಕಾಯಿ ಗಿಡದಲ್ಲೇ ಕೆಂಪಾದರೂ ಒಣಗುವ ತನಕ ಹಸಿಯೇ. ಈ ಸ್ಥಿತಿಯ ಹೆಸರೇ ಮೊದಲಿನದು, ಬಣ್ಣ ಅದರಿಂದ ಕವಲೊಡೆದದ್ದು ಎಂಬುದು ನನ್ನ ಎಣಿಕೆ. ಎಳೆಯ ಚಿಗುರು ಹಸಿರೋ ಹಳದಿಯೋ? ಎರಡರ ನಡುವೆ ಎಲ್ಲೋ ಇರುತ್ತದೆ. ಕನ್ನಡ ಒಂದು ಅಂಚನ್ನು ಹಿಡಿಯಿತು, ತೆಲುಗು ಎರಡನ್ನೂ ಇಟ್ಟುಕೊಂಡಿತು. ಇಂಗ್ಲಿಷಿನ ‘ಗ್ರೀನ್’ ಕೂಡ ಬೆಳೆ ಎಂಬರ್ಥದ ‘ಗ್ರೋ’ಗೆ ನೆಂಟ. ಸಂಸ್ಕೃತದ ‘ಹರಿ’ಯಲ್ಲೂ ಹಳದಿ ಹಸಿರುಗಳ ನಡುವೆ ಬೇಲಿಯಿಲ್ಲ: ಹರಿತವೂ ಹರಿದ್ರೆಯೂ ಅದರದ್ದೇ ಸಂತಾನ. ಅಂದರೆ ನಾವು ಸಾಲ ತಂದ ‘ಹಳದಿ’ಯೂ ಅಂಥದೇ ಒಂದು ಮನೆಯಿಂದ ಬಂದದ್ದು.

ಈ ದಾರಿಯಲ್ಲಿ ಜಾರುವುದೂ ಸುಲಭ. ಮೊದಲ ಕರಡಿನಲ್ಲಿ ನಾನು ‘ಹಸಿವು’, ‘ಹಸು’ ಎರಡನ್ನೂ ಇದೇ ಬೇರಿಗೆ ಕಟ್ಟಿದ್ದೆ. ಹಸು ಹಸಿರು ಮೇಯುತ್ತದಲ್ಲ ಎಂಬ ಉತ್ಸಾಹ! ಮಾರ್ಗದರ್ಶಕರು ಎರಡಕ್ಕೂ ಅಡ್ಡಗೆರೆ ಎಳೆದರು. ಹಸು ಸಂಸ್ಕೃತದ ಪಶುವಿನ ತದ್ಭವ, ಹಸಿವು ಬೇರೆಯೇ ಧಾತುವಿನದು. ಸದ್ದು ಒಂದಾದ ಮಾತ್ರಕ್ಕೆ ನಂಟಾಗುವುದಿಲ್ಲ.

ಸಭೆಯಲ್ಲಿ ಕೇಳಿದ ಹಿರಿಯರಿಗೆ ಇವತ್ತಾದರೆ ಹೀಗೆ ಹೇಳುತ್ತೇನೆ: ನಮಗೆ ಹಳದಿ ಕಾಣುತ್ತಿತ್ತು, ಅರಿಸಿನ ಎಂದೋ ಹೊನ್ನು ಎಂದೋ ಅದನ್ನು ಕರೆದೂ ಇದ್ದೆವು. ವಸ್ತುವಿನಿಂದ ಕಳಚಿಕೊಂಡ ಬರಿಯ ಬಣ್ಣದ ಹೆಸರು ಬೇಕಾದಾಗ ನೆರೆಮನೆಯಿಂದ ತಂದೆವು. ಅದನ್ನು ಬಡತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅತ್ತೆ ಧಾರೆಯ ದಿನ ಆ ಗಿಳಿಹಸಿರು ಸೀರೆಯನ್ನೇ ಉಟ್ಟರು. ಯಾರೋ ಕೇಳಿದ್ದಕ್ಕೆ, “ಪಚ್ಚದೇ ತರಿಸಿದ್ದು” ಅಂದರು.